ಬಾಗಿಲಿಲ್ಲದ ಊರಿನ ಒಗ್ಗರಣೆ ಮಾತು

ಮನೆಗೆ ಬಾಗಿಲಿಲ್ಲ, ಕೊಟ್ಟಿಗೆಗೆ ಬಾಗಿಲಿಲ್ಲ, ಪೆಟ್ಟಿಗೆಗೆ ಮುಚ್ಚಳವಿಲ್ಲ. ಅಂಥದೊಂದು ಊರಿತ್ತು. ಯಾವ ಸೀಮೆ, ಯಾವ ಕಾಲ ಎಂದು ಕೇಳಬೇಡಿ. ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಮುಚ್ಚಿಟ್ಟದ್ದು ಕೊಳೆಯುತ್ತದೆ, ತೆರೆದಿಟ್ಟದ್ದು ಬಾಳುತ್ತದೆ ಎಂಬುದು ಆ ಊರಿನ ಕಟ್ಟಳೆ. ಅಲ್ಲಿನ ಬಡಗಿ ಹೊಸ್ತಿಲು ಮಾಡಿಕೊಡುತ್ತಿದ್ದ, ಬಾಗಿಲು ಕೇಳಿದರೆ ಅದೇನು ಎನ್ನುತ್ತಿದ್ದ. ಬೀಗ ಎಂಬ ಮಾತೇ ಅಲ್ಲಿ ಹುಟ್ಟಿರಲಿಲ್ಲ.

ಊರ ನಡುವೆ ಗೂಡುಮನೆ. ಅದರ ಗೋಡೆಯ ತುಂಬ ಗೂಡುಗಳು. ಊರಿನಲ್ಲಿ ನೂರಾ ಮೂರು ಮನೆ, ಗೋಡೆಯಲ್ಲಿ ನೂರಾ ಮೂರು ಸಾಲು, ಮನೆಗೊಂದು. ಸಾಲಿನ ಮೊದಲ ಗೂಡಿನಲ್ಲಿ ಮನೆಯ ಹೆಸರು ಬರೆದ ಓಲೆಗರಿ. ಎರಡನೆಯದರಲ್ಲಿ ಹುಟ್ಟಿದವರ, ಹೋದವರ ಗರಿ. ಮೂರನೆಯದು ಮೈಯ ಗೂಡು. ಆ ಮನೆಯಲ್ಲಿ ಯಾರಿಗೆ ಏನು ಬೇನೆ, ಯಾವ ಮದ್ದು ಆಗಿಬರುವುದಿಲ್ಲ ಎಂಬುದನ್ನೆಲ್ಲ, ಒಂದು ಗರಿಗೆ ಒಂದು ಮಾತಿನಂತೆ ಬರೆದು ಅಲ್ಲಿ ಇಡಬೇಕು. ಪಕ್ಕದ ಕೋಣೆಯಲ್ಲಿ ಬಾವಿಗಳ ಗೋಡೆ, ಅದರಾಚೆ ನಂಟಸ್ತಿಕೆಯ ಗೋಡೆ. ಹೆಸರಿನ ಗರಿಯಿಂದ ಹೊರಟ ದಾರ ಗೋಡೆಯಿಂದ ಗೋಡೆಗೆ ಹೋಗಿ, ಈ ಮನೆಯವರು ಯಾವ ಬಾವಿಯ ನೀರು ಕುಡಿಯುವವರು, ಯಾವ ಮನೆಗೆ ಹೆಣ್ಣು ಕೊಟ್ಟವರು ಎಂದು ತೋರಿಸುತ್ತಿತ್ತು. ಯಾರಾದರೂ ಎಚ್ಚರ ತಪ್ಪಿ ಬಿದ್ದರೆ ಮದ್ದಿನಜ್ಜಿ ಮೊದಲು ಓಡುತ್ತಿದ್ದದ್ದು ಬಿದ್ದವನ ಬಳಿಗಲ್ಲ, ಗೂಡುಮನೆಗೆ. ಮೂರನೆಯ ಗೂಡು ನೋಡಿ, ದಾರ ಹಿಡಿದು ತಾಯಿಮನೆಯ ಗೂಡನ್ನೂ ನೋಡಿ, ಆಮೇಲೆ ಮದ್ದು ಅರೆಯುತ್ತಿದ್ದಳು.

ಗೂಡುಮನೆ ಕಾಯುವವಳನ್ನು ಗೂಡವ್ವ ಎನ್ನುತ್ತಿದ್ದರು. ಅವಳ ಅವ್ವನೂ ಗೂಡವ್ವ, ಅಜ್ಜಿಯೂ ಗೂಡವ್ವ. ಹಗಲೆಲ್ಲ ದಾರ ಕಟ್ಟುವುದು, ಧೂಳು ಕೊಡವುವುದು. ಹೊತ್ತು ಮುಳುಗಿದ ಮೇಲೆ ಗೋಡೆಯುದ್ದಕ್ಕೂ ನಡೆದು ಎಲ್ಲ ಗರಿಯೂ ಇದೆಯೇ ಎಂದು ಒಮ್ಮೆ ನೋಡಿ ಮನೆಗೆ ಹೋಗುವುದು. ಒಣಗರಿಗಳ ಮನೆಯೊಳಗೆ ದೀಪ ತರುವಂತಿಲ್ಲ. ಅದಕ್ಕೇ ಇರುಳಲ್ಲೂ ಕಾಣುವ ಕಣ್ಣಿದ್ದವಳೇ ಗೂಡವ್ವ ಆಗಬೇಕು ಎಂಬ ಪದ್ಧತಿ.

ಈ ಗೂಡವ್ವನಿಗೆ ಇರುಳು ಕಣ್ಣು ಕಾಣುತ್ತಿರಲಿಲ್ಲ. ಹೊತ್ತು ಮುಳುಗಿದರೆ ಸಾಕು, ಲೋಕಕ್ಕೆ ಯಾರೋ ಕಂಬಳಿ ಹೊದಿಸಿದ ಹಾಗೆ. ಹಿರಿಯರು ಇರುಳುಗಣ್ಣು ಎನ್ನುವುದು ಅದಕ್ಕೇ. ಹನ್ನೊಂದು ವರ್ಷದಿಂದ ಅವಳು ಬೆರಳ ತುದಿಯಲ್ಲೇ ಗರಿಗಳನ್ನು ಎಣಿಸಿ, ಗೋಡೆ ಸವರಿಕೊಂಡು ಮನೆ ಸೇರುತ್ತಿದ್ದಳು. ಅವಳ ಮೈಯ ಗೂಡಿನಲ್ಲಿದ್ದ ಗರಿಯ ಮೇಲೆ ಬರೆದದ್ದು, ‘ಏನೂ ಇಲ್ಲ’. ಊರಿನ ಕಾಯಿಲೆಯನ್ನೆಲ್ಲ ಕಾಯುವವಳು ತನ್ನದಕ್ಕೆ ಮಾತ್ರ ಸುಳ್ಳು ಬರೆದಿದ್ದಳು. ಗೊತ್ತಾದರೆ ಗೂಡುಮನೆ ಕೈತಪ್ಪುತ್ತದೆ. ಅದು ಬಿಟ್ಟರೆ ಅವಳಿಗೆ ಬೇರೆ ಲೋಕವಿರಲಿಲ್ಲ.

ಇನ್ನೊಬ್ಬರ ಗೂಡು ಕಂಡರೂ ಕಾಣದಂತೆ ಹೋಗುವುದು ಆ ಊರಿನ ಮರ್ಯಾದೆ. ಅದು ಇದ್ದಷ್ಟು ದಿನ ಎಲ್ಲವೂ ಸರಿಯಾಗಿತ್ತು. ಅದನ್ನು ಮುರಿದವನು ನಗಿಸುವವನು. ಬೆಳಗ್ಗೆ ನಗೆಕಟ್ಟೆಯ ಮೇಲೆ ನಿಂತು ಊರನ್ನು ನಗಿಸಿ ಹೊಟ್ಟೆ ಹೊರೆಯುವುದು ಅವನ ಕಸುಬು. ಹೊಸ ನಗೆ ಬತ್ತಿಹೋದ ಒಂದು ದಿನ ಅವನು ಗೂಡುಮನೆಗೆ ನುಗ್ಗಿ ಕಮ್ಮಾರನ ಗರಿ ಓದಿಬಂದ. ಮಾರನೆಯ ದಿನ ಕಟ್ಟೆಯ ಮೇಲೆ ನಿಂತು, ಮಲಗಿದಲ್ಲೇ ಹಾಸಿಗೆ ಒದ್ದೆ ಮಾಡುವ ಮೀಸೆ ಮಾವನ ಕಥೆ ಹೇಳಿದ. ಊರು ಬಿದ್ದುಬಿದ್ದು ನಕ್ಕಿತು. ಸಂಜೆಯೊಳಗೆ ಅರ್ಧ ಊರು ಬಂದು ತನ್ನ ಗರಿ ಕಿತ್ತು ‘ಏನೂ ಇಲ್ಲ’ ಎಂದು ಬರೆದಿಟ್ಟಿತು. ತಿಂಗಳೊಳಗೆ ಊರಿಗೆ ಊರೇ ಗುಂಡುಕಲ್ಲಿನಂತೆ ಆರೋಗ್ಯವಾಗಿತ್ತು, ಗರಿಗಳ ಮೇಲೆ.

ಆಮೇಲೆ ಗಾಣದವನು ಜ್ವರದಿಂದ ಎಚ್ಚರ ತಪ್ಪಿ ಬಿದ್ದ. ಮದ್ದಿನಜ್ಜಿ ಗೂಡು ನೋಡಿದಳು, ಏನೂ ಇಲ್ಲ. ಸಾಸಿವೆ ಹಾಕಿದ ಕಷಾಯ ಕುಡಿಸಿದಳು. ಅವನಿಗೆ ಸಾಸಿವೆ ಆಗಿಬರುವುದಿಲ್ಲ. ಮೂರು ದಿನ ಕುಂಬಳಕಾಯಿಯ ಹಾಗೆ ಊದಿಕೊಂಡು, ಉಸಿರು ಈಗ ಹೋಯಿತು ಆಗ ಹೋಯಿತು ಎನ್ನುವಂತಾಗಿ, ನಾಲ್ಕನೆಯ ದಿನ ಹೇಗೋ ಎದ್ದು ಕೂತ.

ಊರ ಹಿರೀಕ ಗೂಡವ್ವನನ್ನು ಕರೆಸಿದ. ಅವನು ಕೆಟ್ಟವನಲ್ಲ, ಆದರೆ ಖಾಲಿ ಜಾಗ ಕಂಡರೆ ಅವನಿಗೆ ಸಹಿಸಲಾಗುತ್ತಿರಲಿಲ್ಲ.

“ಸುಳ್ಳು ಗರಿ ಕಾಯೋಕೆ ಅಷ್ಟು ದೊಡ್ಡ ಮನೆ ಯಾಕವ್ವ?” ಎಂದ. “ಒಳ್ಳೆ ಗಾಳಿ ಆಡೋ ಜಾಗ. ಮುಂದಿನ ಸುಗ್ಗಿಗೆ ಗೂಡು ಒಡೆದು ಈರುಳ್ಳಿ ಹರಡೋಣ ಅಂತಿದೀನಿ.”

“ಸುಗ್ಗಿವರೆಗೂ ಗಡುವು ಕೊಡಿ ಹಿರೀಕರೇ.”

“ಏನ್ ಮಾಡ್ತೀಯ? ಬಾಗಿಲು ಇಡಿಸ್ತೀಯ?” ಎಂದು ಅವನು ನಕ್ಕ. ಬಾಗಿಲು ಎಂಬುದು ಅಲ್ಲಿ ಕೊಂಬಿರುವ ಕುದುರೆಯಂಥ ಮಾತು.

ಗೂಡವ್ವ ಮನೆಗೆ ಬಂದು ರಾಗಿ ಬೀಸಲು ಕೂತಳು. ಅವಳ ಅಜ್ಜಿ ಕಲಿಸಿದ ಬೀಸುವ ಹಾಡೊಂದಿತ್ತು. ಅಜ್ಜಿಯೇ ಕಟ್ಟಿದ್ದು, ಅವಳಿಗೆ ಬಿಟ್ಟರೆ ಮತ್ತಾರಿಗೂ ಬಾರದು. ಒಂದು ಸಾಲಿನಲ್ಲಿ ಮೂರು ಮಾತು, ಮುಂದಿನದರಲ್ಲಿ ಐದು, ಅದರ ಮುಂದಿನದರಲ್ಲಿ ಎರಡು. ಬೀಸುತ್ತ ಬೀಸುತ್ತ ಅವಳಿಗೆ ಹೊಳೆಯಿತು. ಮುಚ್ಚಬಾರದು ಎಂದು ಕಟ್ಟಳೆ, ನಿಜ. ಮುಖ ಬದಲಿಸಬಾರದು ಎಂದು ಯಾರು ಹೇಳಿದ್ದಾರೆ? ಮೊದಲ ಅಕ್ಷರವನ್ನು ಮೂರು ಹೆಜ್ಜೆ ಮುಂದಿನ ಅಕ್ಷರವಾಗಿಸು, ಎರಡನೆಯದನ್ನು ಐದು ಹೆಜ್ಜೆ, ಮೂರನೆಯದನ್ನು ಎರಡು ಹೆಜ್ಜೆ. ಹಾಡು ಬಲ್ಲವಳು ಹಾಡುತ್ತ ಹಿಂದಕ್ಕೆ ನಡೆದರೆ ಮಾತು ಮತ್ತೆ ಮಾತಾಗುತ್ತದೆ. ಹಾಡು ಬಾರದವನಿಗೆ ಗರಿ ತೆರೆದೇ ಇರುತ್ತದೆ, ಬೇಕಾದರೆ ನೆಕ್ಕಿ ನೋಡಲಿ.

ಹುರುಪಿನಲ್ಲಿ ಅವಳು ಹೆಸರಿನ ಗರಿಗಳನ್ನೂ ಹಾಡಿಗೆ ಹಾಕಿಬಿಟ್ಟಳು. ಅದೊಂದು ದೊಡ್ಡ ಫಜೀತಿ. ಹೆಸರೇ ತಿಳಿಯದ ಮೇಲೆ ದಾರ ಎಲ್ಲಿಗೆ ಕಟ್ಟುವುದು? ಬಾವಿ ಸರದಿಯವರು ಗೋಡೆಯ ಮುಂದೆ ನಿಂತು ತಲೆ ಕೆರೆದುಕೊಂಡರು. ಬಾಣಂತಿಗೆಂದು ಹೊರಟ ಕೊಬ್ಬರಿ ಬೆಲ್ಲ ಎಪ್ಪತ್ತು ದಾಟಿದ ಒಂಟಿ ಮುದುಕನ ಮನೆಗೆ ಹೋಯಿತು. ಅವನು ಸಂತೋಷದಿಂದ ತಿಂದ. ಗೂಡವ್ವ ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡು, ಹುಡುಕಬೇಕಾದ್ದನ್ನು ಇದ್ದ ಹಾಗೇ ಬಿಟ್ಟು, ನೋಯುವುದನ್ನು ಮಾತ್ರ ಮರೆಸಿದಳು. ಹಾಡನ್ನು ಮದ್ದಿನಜ್ಜಿಗೆ ಒಬ್ಬಳಿಗೇ ಕಲಿಸಿದಳು. ಮರೆತರೆ ಕಷ್ಟ, ಗೂಡುಮನೆಯ ಕಂಬದ ಮೇಲೆ ಬರೆದಿಡು ಎಂದು ಹಿರೀಕ ಸಲಹೆ ಕೊಟ್ಟ. “ಹಾಲಿನ ಪಕ್ಕ ಬೆಕ್ಕು ಮಲಗಿಸಿದಂಗೆ ಆಯ್ತದೆ ಹಿರೀಕರೇ. ಹಾಡು ಬಾಯಲ್ಲಿರ್ಲಿ, ಗರಿ ಗೂಡಲ್ಲಿರ್ಲಿ” ಎಂದಳು.

ಊರವರು ಒಬ್ಬೊಬ್ಬರಾಗಿ ಬಂದರು. ಮೊದಲು ಅಂಜುತ್ತ ಬಂದರು, ಆಮೇಲೆ ಸಾಲುಗಟ್ಟಿದರು. ನಿಜ ಬರೆದು ತಂದ ಗರಿಯನ್ನು ಅವಳು ಹಾಡುತ್ತ ಮರುಬರೆದು, ಹಳೆಯದನ್ನು ಹೊರಗಿನ ಒಲೆಗೆ ಹಾಕುತ್ತಿದ್ದಳು. ಗಾಣದವನು ಸಾಸಿವೆ ಎಂದು ಬರೆದ. ಕಮ್ಮಾರ ಎರಡು ಸಲ ಹಿಂದೆ ಮುಂದೆ ನೋಡಿ ತನ್ನದನ್ನು ಮತ್ತೆ ಬರೆದ. ಕೊನೆಯಲ್ಲಿ ಗೂಡವ್ವ ತನ್ನ ಗೂಡಿನ ‘ಏನೂ ಇಲ್ಲ’ವನ್ನು ಒಲೆಗೆ ಹಾಕಿ, ಹೊಸ ಗರಿಯ ಮೇಲೆ ಇರುಳುಗಣ್ಣು ಎಂಬುದನ್ನು ಹಾಡಿನ ಹೆಜ್ಜೆಯಲ್ಲಿ ಬರೆದಳು. ಹನ್ನೊಂದು ವರ್ಷದ ಮೇಲೆ ಮೊದಲ ಸಲ ನಿಜ ಹೇಳಿದ್ದಳು. ಎದೆ ಹಗುರಾಯಿತು.

ಬರೆದು ನೋಡುತ್ತಾಳೆ, ಆ ಗರಿಯ ಮುಖ ಎಲ್ಲೋ ಕಂಡಂತಿದೆ. ಹುಡುಕಿದಳು. ಇಂಥದೇ ಗರಿ ಊರಿನ ಬೇರೆ ಐದು ಸಾಲುಗಳಲ್ಲಿ ಕೂತಿತ್ತು. ಅದೇ ಮಾತು, ಅದೇ ಹಾಡು, ಅದೇ ಮುಖ. ಸಾಲುಗಟ್ಟಿದವರ ಗರಿಗಳನ್ನು ಮನಸ್ಸಿಟ್ಟು ಓದದೆ ಹಾಡುತ್ತ ಬರೆದಿದ್ದವಳಿಗೆ ಆಗ ತಿಳಿಯಿತು: ಸಂಜೆಯಾದರೆ ಲೋಕಕ್ಕೆ ಕಂಬಳಿ ಬೀಳುವುದು ತನಗೊಬ್ಬಳಿಗೇ ಅಲ್ಲ. ಆ ಐವರು ಯಾರೆಂದು ಅವಳು ಯಾರಿಗೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ.

ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ದಿನಾ ಬೆಳಗ್ಗೆ ಬಂದು ಮೊದಲು ಆ ಐದು ಗರಿಗಳ ಮುಂದೆ ನಿಲ್ಲುವಳು, ಒಡಹುಟ್ಟಿದವರನ್ನು ಮಾತಾಡಿಸುವ ಹಾಗೆ ಒಂದೊಂದನ್ನು ಮುಟ್ಟುವಳು. ತನಗೆ ಕಂಡದ್ದು ಇನ್ನೊಬ್ಬನಿಗೂ ಕಂಡೀತು ಎಂದು ಹೊಳೆಯಲಿಲ್ಲವೇ? ಹೊಳೆಯಿತು. ಆದರೆ ಆ ಯೋಚನೆ ಬಂದಾಗಲೆಲ್ಲ, ನಾಳೆ ನೋಡಿದರಾಯಿತು ಎಂದು ಅದನ್ನು ಅತ್ತ ತಳ್ಳುತ್ತಿದ್ದಳು. ಸುಖವಾಗಿದ್ದ ತಪ್ಪನ್ನು ತಿದ್ದಲು ಯಾರಿಗೆ ತಾನೆ ಅವಸರ?

ಸುಗ್ಗಿಗೆ ಹದಿನೈದು ದಿನವಿರುವಾಗ ನಗಿಸುವವನು ಬಂದ. ಬೆಳಗ್ಗೆಯೇ ಬಂದು ಗೋಡೆಗೆ ಒರಗಿ ನಿಂತ.

“ಗೂಡವ್ವ, ನಿನ್ನ ಹಾಡು ನಂಗೆ ಬರಾಕಿಲ್ಲ. ಆದ್ರೆ ನಂಗೆ ಕಣ್ಣೈತೆ” ಎಂದ. “ಈ ಗೋಡೆ ಮೇಲೆ ನಲವತ್ತು ಗರಿ ಒಂದೇ ಥರ ಅವೆ. ಏನೂ ಇಲ್ಲ ಅಂತ ತಾನೆ? ಇದು ತಿಳಿಯಾಕೆ ಹಾಡು ಬೇಕಾ? ಇನ್ನು ಇಲ್ಲಿ ನೋಡು, ಇದು ನಮ್ಮತ್ತೆ ಸಾಲು. ನಮ್ಮತ್ತೆಗೆ ಇರುಳುಗಣ್ಣು. ದಿನಾ ಸಂಜೆ ಕೈ ಹಿಡಿದು ಕರ್ಕೊಂಡು ಬರೋನು ನಾನೇ. ಇದೇ ಗರಿ ಇನ್ನೂ ಐದು ಕಡೆ ಐತೆ. ಅಂದಮೇಲೆ?”

ಗೂಡವ್ವ ಕೈಯಲ್ಲಿದ್ದ ದಾರ ಬಿಟ್ಟು ತನ್ನ ಸಾಲಿಗೆ ಅಡ್ಡ ನಿಂತಳು.

“ನಾಳೆ ಮಧ್ಯಾಹ್ನ ನಗೆಕಟ್ಟೆ ಮೇಲೆ ಅವರನ್ನ ಸಾಲಾಗಿ ನಿಲ್ಲಿಸಿ, ಕಣ್ಣಿಗೆ ಬಟ್ಟೆ ಕಟ್ಟಿ ಕುಣಿಸೋ ಆಟ ಕಟ್ಟಿದೀನಿ. ನಮ್ಮತ್ತೇನ ಬಿಟ್ಟುಬಿಡ್ತೀನಿ, ಅನ್ನ ಹಾಕೋಳು. ನಿನ್ನನ್ನೂ ಬಿಡ್ತೀನಿ, ಹೆದರಬೇಡ. ನೀನು ಸುಮ್ಕಿದ್ರೆ ಸಾಕು.” ಹೀಗೆಂದು ಅವನು ಸಿಳ್ಳೆ ಹಾಕುತ್ತ ಹೋದ. ಅವನಲ್ಲಿ ವಿಷವಿರಲಿಲ್ಲ, ಅದೇ ಕಷ್ಟ. ವಿಷವಿದ್ದವನನ್ನು ಬೈದಾದರೂ ಓಡಿಸಬಹುದು.

ಸುಮ್ಮನಿದ್ದರೆ ಅವಳ ಗೂಡುಮನೆ ಉಳಿಯುತ್ತದೆ, ಕೆಲಸ ಉಳಿಯುತ್ತದೆ, ಉಳಿದ ನಾಲ್ವರು ನಾಳೆ ಕಟ್ಟೆಯ ಮೇಲೆ ಕುಣಿಯುತ್ತಾರೆ. ಗೂಡವ್ವ ಆ ಗರಿಗಳ ಕಡೆ ನೋಡಿದಳು. ಇವಳ ಹಾಡನ್ನು ನಂಬಿ ನಿಜ ಬರೆದವರು ಅವರು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಅವಳು ನೇರ ಮದ್ದಿನಜ್ಜಿಯ ಮನೆಗೆ ಹೋದಳು. ಅಜ್ಜಿ ಮಾತು ಕೇಳದೆ ಮೊದಲು ತಟ್ಟೆ ಇಟ್ಟಳು. ಆ ಊರಿನಲ್ಲಿ ಬೆಳೆಯುವುದು ಒಂದೇ ಬೇಳೆ, ಎಲ್ಲ ಮನೆಯಲ್ಲೂ ಅದೇ ಸಾರು. ಗೂಡವ್ವ ಅಳುತ್ತಲೇ ಉಣ್ಣುತ್ತ ಎಲ್ಲ ಹೇಳಿದಳು.

“ಸಾರು ಹೆಂಗೈತೆ?” ಎಂದಳು ಅಜ್ಜಿ.

“ಇಂಗಿನ ವಾಸನೆ ಚೆನ್ನಾಗೈತೆ. ನಮ್ಮನೇದು ಹಿಂಗಿರಾಕಿಲ್ಲ, ನಾನು ಬೆಳ್ಳುಳ್ಳಿ ಹಾಕ್ತೀನಿ.” ಅಷ್ಟು ಹೇಳಿ ಗೂಡವ್ವ ತುತ್ತನ್ನು ಹಾಗೇ ಹಿಡಿದು ಕೂತಳು. ಬೇಳೆ ಒಂದೇ, ಕುದಿ ಒಂದೇ, ಮನೆಮನೆಯ ಸಾರು ಬೇರೆ. ಬೇರೆ ಮಾಡುವುದು ಒಂದು ಚಮಚ ಒಗ್ಗರಣೆ.

“ಅಜ್ಜೀ, ಒಬ್ಬೊಬ್ಬರೂ ಒಂದೊಂದು ಮಾತು ತಂದ್ರೆ? ಅರ್ಥ ಇಲ್ಲದ ಮಾತಾದ್ರೂ ಸೈ. ಆ ಮಾತಿಗೆ ಎಷ್ಟು ಅಕ್ಷರವೋ, ಅದು ಯಾವ ಅಕ್ಷರವೋ, ಅದನ್ನ ನೋಡಿ ಹಾಡನ್ನ ಬೇರೆ ಬೇರೆ ಜಾಗದಿಂದ ಎತ್ಕೊಂಡ್ರೆ?”

“ಆ ಮಾತು ನಂಗೆ ಗೊತ್ತಿರಬೇಕಲ್ಲ, ಓದೋವಾಗ.”

“ಗರಿ ಪಕ್ಕಾನೇ ತೂಗುಹಾಕ್ತೀನಿ, ಎಲ್ಲರೂ ನೋಡ್ಲಿ. ಹಾಡಿಲ್ಲದೆ ಬರೀ ಒಗ್ಗರಣೆ ತಿಂದು ಯಾರ ಹೊಟ್ಟೆ ತುಂಬ್ತದೆ?”

ಅಜ್ಜಿ ನಕ್ಕಳು. “ಆದ್ರೆ ಆರು ಗರಿ ಮತ್ಯಾವತ್ತೂ ಒಂದೇ ಥರ ಕಾಣಾಕಿಲ್ಲ ಮಗಾ” ಎಂದಳು. ಗೂಡವ್ವ ದಿನಾ ಬೆಳಗ್ಗೆ ಎಲ್ಲಿ ನಿಲ್ಲುತ್ತಾಳೆ ಎಂಬುದು ಅಜ್ಜಿಗೆ ಗೊತ್ತಿತ್ತು. ಗೂಡವ್ವ ತಲೆ ತಗ್ಗಿಸಿ ಕೈ ತೊಳೆದಳು.

ಆರೇ ಮನೆಯವರನ್ನು ಕರೆದರೆ ಆರು ಯಾರೆಂದು ತಾನೇ ಡಂಗುರ ಸಾರಿದಂತೆ. ಆದ್ದರಿಂದ ಅವಳು ಜಾಗಟೆ ಬಾರಿಸಿ ಇಡೀ ಊರನ್ನು ಕರೆದಳು. ಎಲ್ಲರ ಮುಂದೆ ನಿಂತು, “ತಪ್ಪು ನಂದೇ. ಒಂದೇ ಬೇನೆಗೆ ಒಂದೇ ಮುಖ ಕೊಟ್ಟೆ. ಗೊತ್ತಾದ ಮೇಲೂ ಸುಮ್ಕಿದ್ದೆ. ನೂರಾ ಮೂರು ಮನೆ ಗರೀನೂ ಹೊಸದಾಗಿ ಬರೀಬೇಕು. ಬರೋವಾಗ ಒಂದು ಒಗ್ಗರಣೆ ಮಾತು ತನ್ನಿ” ಎಂದಳು. ಹಿರೀಕನಿಗೆ ಸಿಟ್ಟು ಬಂತು. ನಾಳೆ ಮಧ್ಯಾಹ್ನ ನಗಿಸುವವನು ಗೋಡೆ ನೋಡಿ ಒಂದೇ ಒಂದು ಮನೆಯ ಬೇನೆ ಹೇಳಿದರೂ ಸಾಕು, ಸುಗ್ಗಿಯವರೆಗೆ ಕಾಯುವುದಿಲ್ಲ, ನಾಳೆಯೇ ಈರುಳ್ಳಿ ಎಂದ.

ಅಲ್ಲಿಂದ ಶುರುವಾಯಿತು ನೋಡಿ ಜಾತ್ರೆ. ಬೋಳುತಲೆಯವನು ‘ಬಾಚಣಿಗೆ’ ಎಂಬ ಮಾತು ತಂದ. ಹಲ್ಲಿಲ್ಲದ ಮುದುಕಿ ‘ಗುಳುಗುಳು’ ಎಂದಳು. ಹೊಸದಾಗಿ ಮದುವೆಯಾದ ಗಂಡಹೆಂಡಿರು ನಾಚುತ್ತ ಒಂದೇ ಮಾತು ತಂದಿದ್ದರು. “ನಿಮ್ಮ ಪ್ರೀತಿ ಮನೇಲಿಟ್ಕೊಳ್ಳಿ, ಇಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ನಡೆಯಾಕಿಲ್ಲ” ಎಂದು ಗೂಡವ್ವ ವಾಪಸು ಕಳಿಸಿದಳು. ಹಿರೀಕ ಗಂಭೀರವಾಗಿ ಬಂದು ‘ಈರುಳ್ಳಿ’ ಎಂದ. ಹಾಡು, ಬರೆ, ಒಲೆಗೆ ಹಾಕು. ಹಾಡು, ಬರೆ, ಒಲೆಗೆ ಹಾಕು. ಸಂಜೆಯವರೆಗೆ ಬರೆದಳು, ಬೆಳಕು ಹರಿಯುತ್ತಲೇ ಮತ್ತೆ ಬರೆದಳು. ಕೊನೆಯದು ಅವಳದು. ಹಳೆಯ ಗರಿಯನ್ನು ಸ್ವಲ್ಪ ಹೊತ್ತು ಕೆನ್ನೆಗೆ ಒತ್ತಿಕೊಂಡಳು. ಒಗ್ಗರಣೆಗೆ ಏನೂ ಹೊಳೆಯದೆ “ಅಯ್ಯೋ” ಎಂದಳು. ಅದನ್ನೇ ಬರೆದಳು.

ಮಧ್ಯಾಹ್ನ ನಗಿಸುವವನು ಬಂದು ಗೋಡೆ ನೋಡಿದ. ಆ ತುದಿಯಿಂದ ಈ ತುದಿಗೆ ನಡೆದ, ಈ ತುದಿಯಿಂದ ಆ ತುದಿಗೆ ನಡೆದ. ಒಂದರಂತೆ ಇನ್ನೊಂದಿರಲಿಲ್ಲ. ‘ಏನೂ ಇಲ್ಲ’ ಎಂಬ ಗರಿಗಳೂ ಒಂದೊಂದು ಒಂದೊಂದು ಥರ. ಇರಲಿ ಎಂದು ಕಣ್ಣುಮುಚ್ಚಿ ಒಂದು ಸಾಲು ತೋರಿಸಿ, “ಇವನ ತೊಡೆ ಮೇಲೆ ಕುರು” ಎಂದ. ಆ ಸಾಲಿನ ಪೈಲ್ವಾನ ಅಲ್ಲೇ ಪಂಚೆ ಮೇಲೆತ್ತಿ ಎರಡೂ ತೊಡೆ ತಟ್ಟಿ ತೋರಿಸಿದ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗಿಸುವವನು ಅಷ್ಟು ದೊಡ್ಡ ನಗೆ ಎಂದೂ ಹುಟ್ಟಿಸಿರಲಿಲ್ಲ, ಆದರೆ ಅದು ಅವನಿಗೆ ರುಚಿಸಲಿಲ್ಲ.

“ಗರಿ ಬದಲಾದ್ರೆ ಏನಾಯ್ತು?” ಎಂದು ಕೂಗಿದ. “ನಿನ್ನೆ ಕಂಡ ಹೆಸರು ನಂಗೆ ನೆನಪಿಲ್ವಾ? ಇರುಳು ಕಣ್ಣು ಕಾಣದೋರು ಇಲ್ಲಿ...”

ಗೂಡವ್ವ ಎದ್ದು ನಿಂತಳು. ಇಡೀ ರಾತ್ರಿ ಅವಳು ಹೆದರಿದ್ದು ಇದಕ್ಕೇ. ಒಮ್ಮೆ ಕಂಡದ್ದನ್ನು ಯಾವ ಒಗ್ಗರಣೆಯೂ ಕಾಣದಂತೆ ಮಾಡಲಾರದು.

“ಮೊದಲನೇ ಹೆಸರು ನಾನೇ ಹೇಳ್ತೀನಿ” ಎಂದಳು. “ಅದು ನಂದು. ಹೊತ್ತು ಮುಳುಗಿದ್ರೆ ನಂಗೆ ಏನೂ ಕಾಣಾಕಿಲ್ಲ. ಹನ್ನೊಂದು ವರ್ಷದಿಂದ ಇಲ್ಲ. ನಂದನ್ನ ನಾನು ಹೇಳಬಹುದು, ಅದಕ್ಕೆ ಹೇಳ್ದೆ. ಉಳಿದೋರದ್ದು ನಿನ್ನ ಬಾಯಲ್ಲೈತೆ. ಗರಿಗೆ ನನ್ನ ಹತ್ರ ಹಾಡೈತೆ. ನಿನ್ನ ಬಾಯಿಗೆ ಇಲ್ಲ ಕಣಪ್ಪ.”

ಯಾರೂ ನಗಲಿಲ್ಲ. ನಗಿಸುವವನು ಗುಂಪಿನ ಕಡೆ ನೋಡಿದ. ಮುಂದಿನ ಸಾಲಿನಲ್ಲಿ ಅವನ ಅತ್ತೆ ಕೂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಅವನನ್ನೇ ನೋಡುತ್ತಿದ್ದಳು. ಏನನ್ನೂ ಮುಚ್ಚದ ಆ ಊರಿನಲ್ಲಿ ಮೊದಲ ಸಲ ಏನೋ ಒಂದು ಮುಚ್ಚಿಕೊಂಡಿತು, ನಗಿಸುವವನ ಬಾಯಿ. ಅವನು ಗೋಡೆ ಬಿಟ್ಟು ಅತ್ತೆಯ ಕಾಲ ಬಳಿ ಹೋಗಿ ಕೂತ. ಆಮೇಲೂ ಅವನು ಊರನ್ನು ನಗಿಸಿದ, ಆದರೆ ತನ್ನದೇ ಕಥೆ ಹೇಳಿ ನಗಿಸಿದ. ಅವನ ಹತ್ತಿರ ಅವು ಬೇಕಾದಷ್ಟಿದ್ದವು.

ಹಿರೀಕ ಮೀಸೆ ತಿರುವಿದ. ಪದ್ಧತಿಯ ಪ್ರಕಾರ ಅವಳನ್ನು ಬಿಡಿಸಬೇಕು ಎಂದು ಇಬ್ಬರು ಮುದುಕರು ಗೊಣಗಿದರು.

“ಹನ್ನೊಂದು ವರ್ಷದಲ್ಲಿ ಎಷ್ಟು ಗರಿ ಕಳೆದಿದೀಯ?” ಎಂದು ಹಿರೀಕ ಅವಳನ್ನು ಕೇಳಿದ.

“ಒಂದೂ ಇಲ್ಲ.”

“ಇರುಳಲ್ಲಿ ಓದೋಕೇ ಆಗದೋಳು. ಇದಕ್ಕಿಂತ ಒಳ್ಳೆ ಕಾವಲು ಎಲ್ಲಿ ಸಿಗ್ತದ್ರಯ್ಯ?” ಎಂದು ಮುದುಕರಿಗೆ ಹೇಳಿ ಅವನು ಎದ್ದ. “ಈರುಳ್ಳಿ ಹರಡೋಕೆ ನಮ್ಮ ಜಗಲಿ ಸಾಕು.”

ಗೂಡುಮನೆ ಉಳಿಯಿತು, ಕೆಲಸ ಉಳಿಯಿತು. ಗೂಡವ್ವ ಸಂತೋಷಪಡಬೇಕಿತ್ತು, ಪಟ್ಟಳು ಕೂಡ. ಆದರೆ ಆ ಸಂಜೆ ಗೋಡೆಯುದ್ದಕ್ಕೂ ಬೆರಳಾಡಿಸುತ್ತ ಬಂದಾಗ, ದಿನಾ ಎಲ್ಲಿ ನಿಲ್ಲುತ್ತಿದ್ದಳೋ ಅಲ್ಲಿ ನಿಂತರೆ ನಿಲ್ಲಲು ಕಾರಣವಿರಲಿಲ್ಲ. ಐದು ಗರಿಯೂ ಬೇರೆ ಬೇರೆಯಾಗಿದ್ದವು. ತನ್ನದನ್ನು ಹೇಳಿ ಮುಗಿಸಿದ್ದಾಯಿತು, ಊರಿಗೆ ತಿಳಿದಂತೆ ಅಂಥವಳು ಈಗ ಅವಳೊಬ್ಬಳೇ. ಅವಳು ಹೊಸ್ತಿಲು ದಾಟಿ ಹೊರಗೆ ಬಂದು ಗೋಡೆ ಹಿಡಿದುಕೊಂಡಳು. ಊರೆಲ್ಲ ಒಲೆಯ ಮುಂದಿತ್ತು, ಬೀದಿ ಕಪ್ಪಾಗಿತ್ತು.

ಆಗ ಅವಳ ಬಲಗೈಗೆ ಒಂದು ಕೈ ಬಂತು. ಮದ್ದಿನಜ್ಜಿ ಇರಬೇಕೆಂದುಕೊಂಡಳು. ಆದರೆ ಆ ಕೈ ಮೊದಲು ಅವಳ ಮೂಗು ಮುಟ್ಟಿ, ಆಮೇಲೆ ಭುಜ ಮುಟ್ಟಿ, ತಡಕಿ ತಡಕಿ ಕೈಗೆ ಬಂದಿತ್ತು. ಹೆಸರು ಹೇಳಲಿಲ್ಲ, ಇವಳು ಕೇಳಲಿಲ್ಲ. ಇಬ್ಬರೂ ನಾಲ್ಕು ಹೆಜ್ಜೆ ನಡೆದು ಹಿಟ್ಟಿನ ಒರಳಿಗೆ ಎಡವಿ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಆ ನಗೆಯ ಸದ್ದು ಹಿಡಿದು ಇನ್ನೊಂದು ಕೈ ಬಂತು, ಎಡಗೈಗೆ. ಅದರ ಹಿಂದೆ ಇನ್ನೂ ಯಾರೋ ಕೋಲು ತಟ್ಟುತ್ತ ಬರುವ ಸದ್ದು.

ಅವತ್ತು ಆ ಬೀದಿಯಲ್ಲಿ ನಡೆದವರು ಆರು ಜನ ಎನ್ನುವವರುಂಟು, ಇಲ್ಲ ನಾಲ್ಕೇ ಎನ್ನುವವರುಂಟು. ಗೂಡವ್ವ ಎಣಿಸಲಿಲ್ಲ. ಹನ್ನೊಂದು ವರ್ಷ ಕತ್ತಲಲ್ಲಿ ಎಣಿಸಿ ಎಣಿಸಿ ಸವೆದ ಬೆರಳುಗಳು ಅವಳವು. ಅವತ್ತು ಒಂದು ಬೆರಳೂ ಬಿಡುವಾಗಿರಲಿಲ್ಲ.